ಗೋಡೆಯಾಚೆಯ ಗರಿಕೆ

"ಗುರುಗಳೇ, ನಾನು ಧ್ಯಾನಕ್ಕೆ ಕುಳಿತರೆ ಮಂತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಹಾಡು ಬಂದು ಕೂರುತ್ತದೆ. ಮೂರು ತಿಂಗಳಿಂದ ಓಡಿಸುತ್ತಿದ್ದೇನೆ, ಹೋಗುತ್ತಿಲ್ಲ. ಅದನ್ನು ಬುಡಸಮೇತ ತೆಗೆಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಬೀಸಣಿಗೆ ಕೆಳಗಿಟ್ಟರು. ಬುಡಸಮೇತ ತೆಗೆಯುವ ಕೆಲಸದಲ್ಲಿ ನಮ್ಮ ಸೀಮೆಯ ಒಬ್ಬ ವ್ಯಾಪಾರಿಯನ್ನು ಮೀರಿಸಿದವರಿಲ್ಲ, ಅವನ ಕತೆ ಕೇಳು ಎಂದರು. ಇದರಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ, ಇದ್ದರೂ ಒಂದು ಚೀಲ ಎಳ್ಳಿಗಿಂತ ಹೆಚ್ಚಿಲ್ಲ ಎಂದೂ ಸೇರಿಸಿದರು. ಆಮೇಲೆ ಹೇಳತೊಡಗಿದರು.

ಒಂದು ಊರು. ಅಲ್ಲಿಯ ಬಿಸಿಲಿನ ವಿಷಯ ಹೇಳಿದರೆ ಹೊರಗಿನವರು ನಂಬುವುದಿಲ್ಲ. ಬೆಳಗ್ಗೆ ಹಪ್ಪಳ ಒಣಹಾಕಿದರೆ ಮಧ್ಯಾಹ್ನಕ್ಕೆ ಅದು ಸುಟ್ಟ ಹಪ್ಪಳ, ನೇರ ಎಲೆಗೇ ಬಡಿಸಬಹುದು. ನಲ್ಲಿಯಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಬಂದಾಗಲೂ ಹೊರಗಿನ ಸೆಕೆ ನೋಡಿ ಅರ್ಧ ಹಿಂದಕ್ಕೆ ಹೋಗುತ್ತದೆ.

ಆ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಒಳ್ಳೆಯವನು, ಮಾತು ಮಾತ್ರ ಸ್ವಲ್ಪ ಜೋರು. ಒಂದು ಸೌಟು ಮಾರಿದರೂ ಕೊಪ್ಪರಿಗೆ ಮಾರಿದಷ್ಟು ಹೇಳಿಕೊಳ್ಳುತ್ತಿದ್ದ. ಮಗನಿಗೆ ಗುಡ್ಡದ ಮೇಲಿನ ತಂಪು ಊರೊಂದರಿಂದ ಹೆಣ್ಣು ತಂದ. ಮದುವೆ ಹೆಣ್ಣಿನ ಮನೆಯಲ್ಲೇ ನಡೆಯಿತು. ಆ ಮನೆಯ ಮುಂದೆ ಹುಲ್ಲುಹಾಸಿತ್ತು. ಮೆತ್ತಗೆ, ದಪ್ಪಗೆ, ಹಾಸಿಗೆಯಂತೆ ಸಮನಾಗಿ. ವ್ಯಾಪಾರಿ ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಹೆಜ್ಜೆ ಇಟ್ಟ. ಐವತ್ತೈದು ವರ್ಷ ಕಾದ ನೆಲವನ್ನೇ ತುಳಿದ ಕಾಲು ಅದು, ಅಲ್ಲಿಂದ ಏಳಲು ಒಪ್ಪಲಿಲ್ಲ. ಮುಹೂರ್ತಕ್ಕೆ ಕರೆಯಲು ಬಂದ ಬೀಗರು ಅವನು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿಬಿಟ್ಟರು.

"ನಿಮ್ಮ ಕಡೆ ಹಸಿರು ಅಂದರೆ ಮೆಣಸಿನಕಾಯಿ ಒಂದೇ ಅಂತೆ, ಹೌದೇ ಬೀಗರೇ?" ಎಂದರು.

ಸುತ್ತ ನಿಂತ ನೆಂಟರೆಲ್ಲ ನಕ್ಕರು. ವ್ಯಾಪಾರಿಗೆ ಮುಖ ಬಿಸಿಯಾಯಿತು. ತಾನು ಗಂಡಿನ ತಂದೆ, ಹೆಣ್ಣಿನ ಕಡೆಯವರ ಮುಂದೆ ಹುಲ್ಲಿನ ವಿಷಯಕ್ಕೆ ತಲೆ ತಗ್ಗಿಸುವುದುಂಟೇ? ಅವನ ಬಾಯಿ ಅವನನ್ನು ಕೇಳದೆಯೇ ಹೊರಟಿತು. ತನ್ನ ಮನೆಯಲ್ಲಿ ಇದರ ಎರಡರಷ್ಟು ಹುಲ್ಲುಹಾಸಿದೆ ಎಂದ. ಗಣೇಶನ ಹಬ್ಬಕ್ಕೆ ಬಂದರೆ ಅದರ ಮೇಲೆಯೇ ಕೂರಿಸಿ ಕಾಫಿ ಕೊಡುತ್ತೇನೆ ಎಂದ. ಬೀಗರು ಖಂಡಿತ ಬರುತ್ತೇನೆ ಎಂದು ಕೈ ಹಿಡಿದುಕೊಂಡರು. ಆಗ ವ್ಯಾಪಾರಿಗೆ ನೆನಪಾಯಿತು, ತನ್ನ ಅಂಗಳದಲ್ಲಿ ಇರುವುದು ಕೆಂಪು ಮಣ್ಣು, ಒಂದು ಒಡೆದ ಒರಳು, ಮಲಗಲು ಬರುವ ಯಾರದೋ ಕತ್ತೆ.

ಹಬ್ಬಕ್ಕೆ ನಾಲ್ಕು ತಿಂಗಳಿತ್ತು. ಬೀಗರ ಕಣ್ಣು ತಪ್ಪಿಸಿ ಆ ಊರಿನ ಒಬ್ಬ ಮಾಲಿಯಿಂದ ಹುಲ್ಲನ್ನು ಮಣ್ಣಿನ ಹೆಂಟೆಸಮೇತ ಕೀಳಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಸಿದ. ದಿಬ್ಬಣ ವಾಪಸು ಬರುವಾಗ ಹುಲ್ಲು ಬಸ್ಸಿನ ನೆತ್ತಿಯ ಮೇಲೆ, ನೆಂಟರ ಟ್ರಂಕುಗಳು ನೆಂಟರ ತೊಡೆಯ ಮೇಲೆ. ಹೊಸ ಸೊಸೆ ಎಲ್ಲವನ್ನೂ ನೋಡಿದಳು. ಮಾವನ ಮಾನದ ಪ್ರಶ್ನೆ ಎಂದು ತವರಿಗೆ ಒಂದು ಮಾತೂ ತಿಳಿಸಲಿಲ್ಲ.

ಅಂಗಳ ಅಗೆದು ಹುಲ್ಲು ಹಾಸಿದ್ದಾಯಿತು. ಇನ್ನು ನೀರು. ಅಂಗಡಿಯಲ್ಲಿ ಕೊಡಪಾನ, ಬಕೆಟ್ಟು, ಹಂಡೆಗಳಿಗೆ ಬರವಿರಲಿಲ್ಲ, ಅವುಗಳೊಳಗೆ ಹಾಕಲು ಮಾತ್ರ ಏನೂ ಇರಲಿಲ್ಲ. ಮನೆಯವರ ಸ್ನಾನ ವಾರಕ್ಕೊಂದಾಯಿತು, ಹುಲ್ಲಿನ ಸ್ನಾನ ದಿನಕ್ಕೊಂದಾಯಿತು. ಅದೂ ನಡುಮಧ್ಯಾಹ್ನ. ಬಾಯಾರುವುದು ಆಗಲೇ ಅಲ್ಲವೇ ಎಂಬುದು ಅವನ ತರ್ಕ. ಸುರಿದ ನೀರಿನಲ್ಲಿ ಅರ್ಧವನ್ನು ಸೂರ್ಯ ಕುಡಿದ, ಉಳಿದರ್ಧ ಕಾದು ಹುಲ್ಲನ್ನು ಬೇಯಿಸಿತು. ಹುಲ್ಲಿಗೆ ನೀರು ಹಾಕುತ್ತಿದ್ದೀರೋ ಪಲ್ಯ ಮಾಡುತ್ತಿದ್ದೀರೋ ಎಂದು ಹೆಂಡತಿ ಕೇಳಿದಳು. ಅವನು ಹುಲ್ಲಿನ ಮೇಲೆ ಒಂದು ಚಪ್ಪರ ಹಾಕಿಸಿದ. ಸಾಲದೆಂದು ಅದರ ಮೇಲೆ ಇನ್ನೊಂದು ಹಾಕಿಸಿದ. ಮಗನ ಮದುವೆಗೂ ಇದ್ದದ್ದು ಒಂದೇ ಚಪ್ಪರ.

ಮೂರನೆಯ ವಾರ ಹುಲ್ಲುಹಾಸಿನ ನಡುವೆ ಗರಿಕೆ ಕಾಣಿಸಿಕೊಂಡಿತು. ಯಾರೂ ನೆಟ್ಟದ್ದಲ್ಲ, ಅದೇ ಮಣ್ಣಿನ ಹಳೆಯ ಗರಿಕೆ, ಎಲ್ಲೋ ಒಳಗೆ ಮಲಗಿದ್ದು ಹುಲ್ಲಿನ ನೀರಿಗೆ ಎದ್ದಿತ್ತು. ವ್ಯಾಪಾರಿಗೆ ಮೈ ಉರಿಯಿತು. ಅಷ್ಟು ದೂರದಿಂದ ಬಸ್ಸಿನ ನೆತ್ತಿಯ ಮೇಲೆ ಕೂತು ಬಂದ ಹುಲ್ಲಿನ ಜೊತೆ ಈ ರಸ್ತೆ ಬದಿಯದಕ್ಕೆ ಏನು ಕೆಲಸ? ಕುಡುಗೋಲು ಹಿಡಿದು ಮಣೆ ಹಾಕಿಕೊಂಡು ಕುಳಿತ. ಒಂದು ಎಳೆ ಎಳೆದರೆ ಮೊಳದುದ್ದ ಬಂತು, ಗೆಣ್ಣುಗೆಣ್ಣಿಗೂ ಬೇರು. ಅಂದಿನಿಂದ ಅದೇ ಅವನ ಪ್ರಾತಃಕಾಲದ ಪೂಜೆ. ದಿನಕ್ಕೊಂದು ಬುಟ್ಟಿ ಕಿತ್ತು, ಆಳೆತ್ತರದ ಗೋಡೆಯ ಆಚೆಗೆ ಎಸೆಯುತ್ತಿದ್ದ. ಹುಲ್ಲು ಹಳದಿಯಾದರೆ ಗರಿಕೆಯ ಕಾಟ ಎಂದ, ಕಂದು ಬಣ್ಣಕ್ಕೆ ತಿರುಗಿದರೆ ಗರಿಕೆಯ ನಂಜು ಎಂದ. ಇನ್ನೂ ಆಳಕ್ಕೆ ಅಗೆದು ಕಿತ್ತ. ಅಂಗಡಿಯಲ್ಲಿ ಕುಳಿತರೆ ತಾನು ಕಿತ್ತ ಗರಿಕೆಯಲ್ಲಿ ಏಳು ಊರಿನ ಗಣಪತಿಗಳನ್ನು ಮುಚ್ಚಬಹುದು ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಆ ಒಂದು ಮಾತು ಮಾತ್ರ ನಿಜವಾಗಿತ್ತು.

ಗೋಡೆಯ ಆಚೆ ಒಬ್ಬ ಅಜ್ಜಿಯ ಮನೆ. ಅವಳಿಗೆ ಒಂದು ಮೇಕೆ ಬಿಟ್ಟರೆ ಬೇರೆ ಸಂಸಾರವಿರಲಿಲ್ಲ. ಅವಳ ಬಾಗಿಲು ಬಸ್ ನಿಲ್ದಾಣದ ಕಡೆಯ ಓಣಿಗೆ, ವ್ಯಾಪಾರಿಯ ಬಾಗಿಲು ಪೇಟೆ ಬೀದಿಗೆ. ಹಾಗಾಗಿ ಆ ಕಡೆ ಹೋಗುವ ಕೆಲಸ ಅವನಿಗೆ ಬಿದ್ದಿರಲಿಲ್ಲ. ತಾನು ಎಸೆದದ್ದು ಎಲ್ಲಿ ಬಿತ್ತು ಎಂದು ಯಾರು ಹೋಗಿ ನೋಡುತ್ತಾರೆ?

ಮಳೆಗಾಲ ಬಂದು ಹೋಯಿತು, ಮಳೆ ಬರಲಿಲ್ಲ. ಗಣೇಶನ ಹಬ್ಬ ಬಂತು. ಹನ್ನೊಂದು ಗಂಟೆಯ ಬಸ್ಸಿಗೆ ಬೀಗರು ಬರುವವರು. ವ್ಯಾಪಾರಿ ಬೆಳಗ್ಗೆಯೇ ಎದ್ದು ಅಂಗಳದಲ್ಲಿ ನಿಂತ. ಎರಡು ಚಪ್ಪರಗಳ ನೆರಳಿನಲ್ಲಿ ಹುಲ್ಲುಹಾಸು ತೆಂಗಿನ ನಾರಿನ ಕಾಲೊರೆಸಿಯಂತೆ ಮಲಗಿತ್ತು. ರಿಪೇರಿ ನಡೆಯುತ್ತಿದೆ ಎನ್ನಲೇ? ಕಳ್ಳರು ಹೊತ್ತೊಯ್ದರು ಎನ್ನಲೇ? ಇಡೀ ಮದುವೆಮನೆಯ ನಗು ಮತ್ತೆ ಅವನ ಕಿವಿಯಲ್ಲಿ ಕೇಳಿತು. ಈ ಸಲ ಅದು ಬೀಗರೊಂದಿಗೆ ಗುಡ್ಡ ಹತ್ತಿ ಮನೆಮನೆಗೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಪೂಜೆಗೆ ಎಲ್ಲ ಸಿದ್ಧವಾಗಿದೆ, ಗರಿಕೆ ಒಂದಿಲ್ಲ, ಇಪ್ಪತ್ತೊಂದು ಎಸಳು ಕಿತ್ತುಕೊಡಿ ಎಂದಳು. ವ್ಯಾಪಾರಿ ಮೊಣಕಾಲೂರಿ ಅಂಗಳವೆಲ್ಲ ಹುಡುಕಿದ. ಒಂದೇ ಒಂದು ಎಸಳಿರಲಿಲ್ಲ. ಅವನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಪೇಟೆಗೆ ಓಡಿದ. ಆ ವರ್ಷ ಗರಿಕೆಗೂ ಬರ, ಬಂದ ಎರಡು ಬುಟ್ಟಿ ಬೆಳಗಿನ ಜಾವವೇ ಖಾಲಿಯಾಗಿತ್ತು. ಹೂವಿನವಳು, ನಿಮ್ಮ ಮನೆಯ ಹಿಂದಿನ ಅಜ್ಜಿಯ ಹತ್ತಿರ ಕೇಳಿ, ನಾನೂ ಅಲ್ಲಿಂದಲೇ ತಂದದ್ದು ಎಂದಳು.

ವ್ಯಾಪಾರಿ ಓಣಿ ಸುತ್ತಿ ಅಜ್ಜಿಯ ಬೇಲಿಯ ಬಾಗಿಲು ತಳ್ಳಿದ. ಹಾಗೆಯೇ ನಿಂತುಬಿಟ್ಟ. ಗೋಡೆಯಿಂದ ಬೇಲಿಯವರೆಗೆ ಅಂಗಳವೆಲ್ಲ ಹಸಿರು. ಮೇಕೆ ಮೇದು ಮೇದು ಕತ್ತರಿಯಲ್ಲಿ ಕತ್ತರಿಸಿದಷ್ಟು ಸಮ. ಅದರ ನಡುವೆ ಬೀಗರು ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದರು. ಬಸ್ಸು ಬೇಗ ಬಂದಿತ್ತು. ವ್ಯಾಪಾರಿಯ ಮನೆಯನ್ನು ಎಂದೂ ನೋಡಿರದ ಬೀಗರು ಇಳಿದವರೇ ಹುಲ್ಲಿರುವ ಮನೆ ಹುಡುಕಿದರು. ಊರಿನಲ್ಲಿ ಹುಲ್ಲಿದ್ದದ್ದು ಇದೊಂದೇ ಮನೆಯಲ್ಲಿ. ಅಜ್ಜಿಯನ್ನು ಮನೆಯ ಹಿರಿಯರೆಂದು ತಿಳಿದು ಕಾಲಿಗೆ ನಮಸ್ಕಾರ ಮಾಡಿದ್ದರು. ನಮಸ್ಕಾರ ಮಾಡಿದವರನ್ನು ಯಾರೆಂದು ಕೇಳುವುದು ಹೇಗೆಂದು ಅಜ್ಜಿ ಕಾಫಿ ಕೊಟ್ಟಿದ್ದಳು.

"ಸೋತೆ ಬೀಗರೇ. ನೀವು ಬೊಗಳೆ ಬಿಟ್ಟಿರಿ ಅಂತಲೇ ತಿಳಿದಿದ್ದೆ" ಎಂದರು ಬೀಗರು. "ಇಂಥ ಬಿಸಿಲಿನಲ್ಲಿ ಇಷ್ಟು ಚೆಂದ ಯಾರು ಬೆಳೆಸಿದ್ದು?"

ವ್ಯಾಪಾರಿಯ ಬಾಯಿ ಹುಟ್ಟಿದಾಗಿನಿಂದ ಮೊದಲ ಸಲ ಹೊರಡಲಿಲ್ಲ. ಅಜ್ಜಿಯೇ ಹೇಳಿದಳು.

"ಸಾಹುಕಾರರೇ ಕಣಪ್ಪ. ದಿನಾ ಬೆಳಗ್ಗೆ ಬೇರುಸಹಿತ ಕಿತ್ತು ಗೋಡೆ ಮೇಲಿಂದ ಎಸೀತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ನಾನೇನು ಮಾಡಿದೆ? ಬಚ್ಚಲ ನೀರು ಅದರ ಪಾಡಿಗೆ ಹರೀತು, ಮೇಕೆ ಅದರ ಪಾಡಿಗೆ ಮೇಯಿತು."

ಬೀಗರಿಗೆ ಅರ್ಥವಾಗಲಿಲ್ಲ. ಲೋಟ ಹಿಡಿದೇ ಎದ್ದು, ಬಟ್ಟೆ ಒಗೆಯುವ ಕಲ್ಲು ಹತ್ತಿ ಗೋಡೆಯ ಆಚೆ ಇಣುಕಿದರು. ಬಹಳ ಹೊತ್ತು ನೋಡಿದರು.

"ಹಾಗಾದರೆ ಆಚೆ ಎರಡು ಚಪ್ಪರದ ಕೆಳಗೆ ನಾರು ಒಣಹಾಕಿದ್ದಾರಲ್ಲ, ಅದು ಯಾರದು?"

ಯಾರದೋ ಎಂದುಬಿಟ್ಟರೆ ಆ ಕ್ಷಣಕ್ಕೆ ಮಾನ ಉಳಿಯುತ್ತಿತ್ತು. ಆದರೆ ಊಟಕ್ಕೆ ಬೀಗರನ್ನು ಅದೇ ಮನೆಗೆ ಕರೆದೊಯ್ಯಬೇಕಿತ್ತು. ವ್ಯಾಪಾರಿ ಮೇಕೆಯನ್ನು ನೋಡಿದ. ಅದು ಮೇಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು.

"ಅದೂ ನನ್ನದೇ" ಎಂದ.

ಬೀಗರು ಕಲ್ಲಿನ ಮೇಲೆ ನಿಂತಲ್ಲೇ ನಕ್ಕರು. ಎಷ್ಟು ನಕ್ಕರೆಂದರೆ ಲೋಟದಲ್ಲಿದ್ದ ಕಾಫಿಯೆಲ್ಲ ಗರಿಕೆಯ ಮೇಲೆ ಚೆಲ್ಲಿತು. ಗರಿಕೆ ಅದನ್ನೂ ಕುಡಿಯಿತು. ವ್ಯಾಪಾರಿ ಅಜ್ಜಿಯ ಮುಂದೆ ಬಗ್ಗಿ, ಇಪ್ಪತ್ತೊಂದು ಎಸಳು ಕೊಡುತ್ತೀಯಾ ತಾಯಿ ಎಂದು ಸಣ್ಣ ದನಿಯಲ್ಲಿ ಕೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಂಥ ದಡ್ಡನೂ ಇರುತ್ತಾನೆಯೇ ಎಂದು ಕಣ್ಣೊರೆಸಿಕೊಂಡ. ಅವನ ನಗು ಮುಗಿಯುವವರೆಗೆ ಗುರುಗಳು ಕಾದರು.

"ನೀನು ಮೂರು ತಿಂಗಳಿಂದ ಕಿತ್ತು ಎಸೆದ ಹಾಡು ಯಾರ ಅಂಗಳದಲ್ಲಿ ಹಬ್ಬಿದೆಯೋ, ಹೋಗಿ ನೋಡಿಕೊಂಡು ಬಾ" ಎಂದರು.

ಶಿಷ್ಯ ಕಣ್ಣು ಮುಚ್ಚಿ ಕುಳಿತ. ಅಮ್ಮನ ಹಾಡು ಬಂತು, ಈ ಸಲ ಅವನು ಅದನ್ನು ಓಡಿಸಲಿಲ್ಲ.