ಎರಡು ಮೈಲಿ ದೂರಕ್ಕೆ ಕಾಣುವ ಹೆಸರು

ದೊಡ್ಡ ಯುದ್ಧದ ಕಾಲ. ಕರಾವಳಿಯ ಒಂದು ಹಡಗುಕಟ್ಟೆಯಲ್ಲಿ ಸೈನ್ಯಕ್ಕೆ ಅಕ್ಕಿ ಸಾಗಿಸುವ ಹಡಗು ಸಿದ್ಧವಾಗಿತ್ತು. ಅದನ್ನು ಕಟ್ಟುವಾಗ ಅಟ್ಟಣೆಯಿಂದ ಬಿದ್ದು ಸತ್ತ ಬಡಗಿ ಜಟ್ಟ ಖಾರ್ವಿಯ ಹೆಸರನ್ನೇ ಅದಕ್ಕೆ ಇಡಬೇಕೆಂದು ಕೆಲಸಗಾರರು ಕೇಳಿಕೊಂಡರು.

ಗುತ್ತಿಗೆದಾರ ವೈಕುಂಠ ಪ್ರಭುಗಳು ನಕ್ಕುಬಿಟ್ಟರು. ಬಣ್ಣ ಬಳಿಯುವವನನ್ನು ಕರೆದು, "ನನ್ನ ಹೆಸರು ಬರಿ. ಎರಡು ಮೈಲಿ ದೂರಕ್ಕೆ ಕಾಣಬೇಕು" ಎಂದರು.

"ಆಗಲಿ ಧಣಿ. ಹಡಗಿನ ಗಂಟೆಯ ಮೇಲಾದರೂ ಜಟ್ಟನ ಹೆಸರು ಕೆತ್ತಿಸಲಾ?"

"ಗಂಟೆ ಯಾರು ನೋಡ್ತಾರೆ? ಕೆತ್ತಿಸ್ಕೋ ಹೋಗು."

ಬಣ್ಣದವನು ಆಳೆತ್ತರದ ಅಕ್ಷರ ಬರೆದ. ಬಿಳಿ ಬಣ್ಣ, ಕೆಂಪು ಅಂಚು. ಹಡಗು ನೀರಿಗಿಳಿದ ದಿನ ಪ್ರಭುಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮಾರನೆಯ ದಿನ ಬಂದ ನೌಕಾಪಡೆಯ ಅಧಿಕಾರಿ ಆ ಹೆಸರು ನೋಡಿ ಹೌಹಾರಿದ. "ಶತ್ರುಗಳಿಗೆ ಕಾಣಲಿ ಅಂತ ಬರೆಸಿದ್ದೀರಾ? ಈಗಲೇ ಬೂದು ಬಣ್ಣ ಹೊಡೆಸಿ!"

ಬಣ್ಣದವನು ಮೂಲೆಯಿಂದ ಡಬ್ಬ ತಂದ. ಬೂದು ಬಣ್ಣ ಆಗಲೇ ಕಲಸಿಟ್ಟಿತ್ತು.

ಪ್ರಭುಗಳ ಮುಖ ಹುಳ್ಳಗಾಯಿತು. "ನಿನಗೆ ಮೊದಲೇ ಗೊತ್ತಿತ್ತಾ?"

"ಯುದ್ಧ ಶುರುವಾದ ಮೇಲೆ ಒಂಬತ್ತು ಹಡಗಿನ ಹೆಸರು ನಾನೇ ಅಳಿಸಿದ್ದೇನೆ ಧಣಿ. ನಿಮ್ಮದು ಎಲ್ಲೂ ಹೋಗಿಲ್ಲ, ಬಣ್ಣದ ಅಡಿಯಲ್ಲೇ ಇದೆ."

ಸಂಜೆ ಹಡಗು ಹೊರಟಿತು. ಜಟ್ಟನ ಹೆಸರು ಕೆತ್ತಿದ್ದ ಗಂಟೆ ಹೊಡೆಯಿತು. ಕೆಲಸಗಾರರೆಲ್ಲ ತಲೆಗೆ ಸುತ್ತಿದ್ದ ಬೈರಾಸು ತೆಗೆದು, ದನಿ ದೂರವಾಗುವವರೆಗೂ ನಿಂತೇ ಇದ್ದರು.

ಪ್ರಭುಗಳಿಗೆ ತಡೆಯಲಾಗಲಿಲ್ಲ. "ಆ ಗಂಟೆಗೂ ಬಣ್ಣ ಬಳೀಬೇಕಿತ್ತಲ್ಲವೇನೋ?"

"ಗಂಟೆಗೆ ಯಾರೂ ಬಣ್ಣ ಬಳಿಯುವುದಿಲ್ಲ ಧಣಿ. ಬಳಿದರೆ ದನಿ ಸತ್ತುಹೋಗುತ್ತೆ."