ಅಮ್ಮ ಹೊಟ್ಟೆಯ ಮೇಲೆ ಕೈ ಇಡುವುದೇಕೆ

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಎಲ್ಲರನ್ನೂ ಮಾತಾಡಿಸಿಕೊಂಡು ತಿರುಗುತ್ತಿತ್ತು. ಆಗ ಎಲ್ಲ ಪ್ರಾಣಿಗಳೂ ಮೊಟ್ಟೆ ಇಡುತ್ತಿದ್ದವು, ಜಿಂಕೆ ಕೂಡ. ನಗಬೇಡ ಚೆಲುವಿ, ಜಿಂಕೆ ಕೂಡ!

ಜಿಂಕೆ ಮೊಟ್ಟೆ ಇಡುವುದು, ಉಡ ಬಂದು ತಿನ್ನುವುದು. ಮತ್ತೆ ಇಡುವುದು, ಮತ್ತೆ ತಿನ್ನುವುದು. ಕೊನೆಗೆ ಒಂದೇ ಒಂದು ಮೊಟ್ಟೆ ಹೊಟ್ಟೆಯಲ್ಲಿ ಉಳಿದಾಗ ಜಿಂಕೆ ಹೊಳೆಯ ಹತ್ತಿರ ಬಂದು ಅತ್ತಿತು.

“ಇದನ್ನ ಎಲ್ಲಿ ಬಚ್ಚಿಡಲಿ, ಹೊಳೆಯಮ್ಮ?”

“ನೀನು ಓಡಿದ ಕಡೆಗೆಲ್ಲ ಜೊತೇಲೇ ಬರೋ ಜಾಗ ಒಂದೇ ಕಣವ್ವ. ನಿನ್ನ ಹೊಟ್ಟೆ. ಅಲ್ಲೇ ಇಟ್ಕೊ,” ಅಂದಿತು ಹೊಳೆ.

“ಅಯ್ಯೋ, ಒಳಗಿನ ಕಾವಲಿನವರು ಬಿಡ್ತಾರಾ?”

ಜಿಂಕೆ ಹೆದರಿದ್ದು ಸುಮ್ಮನೆ ಅಲ್ಲ. ಪ್ರತಿ ಜೀವದ ರಕ್ತದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಾವಲಿನವರಿದ್ದಾರೆ. ಒಳಗೆ ಬಂದವರನ್ನೆಲ್ಲ ಮೂಸಿ ನೋಡುವುದೇ ಅವರ ಕೆಲಸ. ಹೊರಗಿನ ವಾಸನೆ ಬಂತೋ, ಆ ಕಳ್ಳನಿಗೇ ತಕ್ಕ ಗುರುತು ಮಾಡಿ ಅಂಟಿಸಿಬಿಡುತ್ತಾರೆ, ಉತ್ತರಾಣಿಯ ಬೀಜ ಸೀರೆಗೆ ಅಂಟಿದ ಹಾಗೆ. ಗುರುತು ಕಂಡರೆ ಸಾಕು, ನುಂಗುವವರು ಬಂದು ನುಂಗುತ್ತಾರೆ. ಒಮ್ಮೆ ಕಂಡ ಕಳ್ಳನನ್ನು ಅವರು ಸಾಮಾನ್ಯವಾಗಿ ಮರೆಯುವುದಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಆದರೆ ಅವರಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ಹಿಂದೆ ಜಿಂಕೆಯ ಕಾಲಿಗೆ ಮುಳ್ಳು ಚುಚ್ಚಿದಾಗ ನಂಜನ್ನೆಲ್ಲ ಹೊಡೆದರು, ಆಮೇಲೆ ಅದೇ ಭರದಲ್ಲಿ ಕಾಲನ್ನೇ ಹೊಡೆಯತೊಡಗಿದರು. ಕಾಲು ಕೆಂಪಾಗಿ ಊದಿತು. ಆಗ ಅವರಲ್ಲೇ ಒಬ್ಬಳು ಮುಂದೆ ಬಂದಳು. ಅವಳ ಹೆಸರು ತಂಪಮ್ಮ. ಹೊಟ್ಟೆ ತುಂಬಿದರೂ ಬಡಿಸುತ್ತಲೇ ಇದ್ದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಕೈ ಅಡ್ಡ ಹಿಡಿದಳು.

“ಸಾಕು. ಇದು ನಮ್ಮ ಕಾಲು,” ಅಂದಳು.

ಆ ಮಾತನ್ನು ಅದುವರೆಗೆ ಅಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ಬೆಪ್ಪಾಗಿ ಹೊಡೆಯುವುದನ್ನು ನಿಲ್ಲಿಸಿದರು. ಕಾಲಿನ ಊತ ಇಳಿಯಿತು.

ಈಗ ಜಿಂಕೆ ಧೈರ್ಯ ಮಾಡಿ ಮೊಟ್ಟೆ ಇಡದೆ, ಅದರೊಳಗಿನ ಮರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿತು. ಕಾವಲಿನವರು ಓಡಿ ಬಂದು ಮೂಸಿದರು.

“ಅರ್ಧ ವಾಸನೆ ನಮ್ಮದು. ಇನ್ನರ್ಧ ಯಾರದು?”

“ಅದರ ಅಪ್ಪಂದು ಕಣ್ರಪ್ಪ, ಬಿಟ್ಟುಬಿಡಿ!” ಅಂತ ಜಿಂಕೆ ಅಂಗಲಾಚಿತು. ಅವರಿಗೆ ವಾಸನೆ ತಿಳಿಯುತ್ತದೆ, ಅಳು ತಿಳಿಯುವುದಿಲ್ಲ. ಗುರುತು ಮಾಡಲು ಕೂತೇಬಿಟ್ಟರು. ಜಿಂಕೆಗೆ ಮೈ ಸುಡತೊಡಗಿತು. ಗಾಳಿ ಉಸಿರು ಹಿಡಿದು ನಿಂತಿತು.

ತಂಪಮ್ಮ ಮರಿಯ ಮುಂದೆ ಬಂದು ಕೈ ಅಡ್ಡ ಹಿಡಿದಳು.

“ನಾಳೆ ಕಳ್ಳ ಬಂದ್ರೂ ಹಿಂಗೇ ಕೈ ಅಡ್ಡ ಹಿಡೀತೀಯಾ?” ಅಂತ ಕಾವಲಿನವರು ರೇಗಿದರು.

“ಕಳ್ಳ ಬಂದ್ರೆ ಹೊಡೀರಿ, ನಾನೂ ಬರ್ತೀನಿ. ಇದರ ಮೇಲೆ ಮಾತ್ರ ಕೈ ಬೇಡ. ಅವತ್ತು ಕಾಲು ಉಳಿದಿದ್ದು ಮರೆತ್ರಾ?”

ಕಾಲು ಉಳಿದದ್ದನ್ನು ಕಣ್ಣಾರೆ ಕಂಡಿದ್ದವಳೊಬ್ಬಳು ಎದ್ದು ಬಂದು ಅವಳ ಪಕ್ಕದಲ್ಲಿ ತಾನೂ ಕೈ ಅಡ್ಡ ಹಿಡಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಮರಿಯ ಸುತ್ತಲೂ ಕೈಗಳೇ ಕೈಗಳು. ಗುರುತು ಮಾಡುತ್ತಿದ್ದವರು ಮಾಡಿದ್ದನ್ನು ಕೆಳಗಿಟ್ಟರು. ಜಿಂಕೆಯ ಜ್ವರ ಇಳಿಯಿತು.

ರೇಗಿದ್ದ ಕಾವಲಿನವರೇ ಆಮೇಲೆ ಏನು ಮಾಡಿದರು ಗೊತ್ತೇ? ಹಳೆಯ ಕಳ್ಳರಿಗೆಲ್ಲ ಅಂಟುವ ಗುರುತುಗಳನ್ನು ಗಂಟು ಕಟ್ಟಿ ಮರಿಗೆ ಕೊಟ್ಟರು. “ಇಟ್ಕೊ ಮಗ. ನಿನ್ನ ಕಾವಲಿನವರಿಗೆ ಕೆಲಸ ಕಲಿಯೋಕೆ ಹೊತ್ತು ಬೇಕು,” ಅಂದರು.

ಒಂದು ಬೆಳಿಗ್ಗೆ ಮರಿ ಹೊಳೆಯ ದಡದಲ್ಲಿ ಹುಟ್ಟಿತು. ಒದ್ದೆ ಕಾಲುಗಳು ನಡುಗುತ್ತಿದ್ದರೂ ಎದ್ದು ನಿಂತಿತು. ಹೊಳೆ ಹರಿಯುವುದನ್ನೇ ಮರೆತು ನೋಡಿತು. ಜಿಂಕೆಗೆ ತನ್ನೊಳಗೆ ಕೈ ಅಡ್ಡ ಹಿಡಿದವಳ ಮುಖ ನೋಡಬೇಕೆಂಬ ಆಸೆಯಾಯಿತು. ಅಂದಿನಿಂದ ಪ್ರತಿ ತಾಯಿಯೊಳಗೂ ಒಬ್ಬಳು ತಂಪಮ್ಮ ಇದ್ದಾಳೆ, ಆದರೆ ಅವಳ ಮುಖ ಯಾವ ತಾಯಿಗೂ ಕಾಣುವುದಿಲ್ಲ, ಮಗು.

ಜಿಂಕೆಗಾದರೆ ಕೈಯಿಲ್ಲ. ನಿನ್ನ ಅಮ್ಮನಿಗಿದೆ. ಅದಕ್ಕೇ ಅವಳು ಬಾಗಿಲಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ, ನಿದ್ದೆಯಲ್ಲೂ ತನಗೇ ತಿಳಿಯದೆ ಹೊಟ್ಟೆಯ ಮೇಲೆ ಕೈ ಇಡುತ್ತಾಳೆ. ಒಳಗೆ ನಿನ್ನ ತಮ್ಮನಿಗೋ ತಂಗಿಗೋ ತಂಪಮ್ಮ ಅಡ್ಡ ಹಿಡಿದ ಕೈಯ ಮೇಲೆ, ಹೊರಗಿನಿಂದ ಅವಳದೂ ಒಂದು ಕೈ.