ಮಜ್ಜಿಗೆಯ ಮೇಲೆ ಸಾರು ಕೇಳಿದವನು

"ಗುರುಗಳೇ, ನಾಡಿನ ಚರಿತ್ರೆ ತಿರುಗುವುದು ದೊಡ್ಡವರಿಂದಲೇ ಅಲ್ಲವೇ?" ಎಂದು ಶಂಭುಲಿಂಗ ಕೇಳಿದ.

ಅವನು ಮಠದಲ್ಲಿ ಓದು ಮುಗಿಸಿ ಊರಿಗೆ ಹೊರಟು ನಿಂತ ಶಿಷ್ಯ. ಅವನು ಮುಂದುವರಿಸಿದ. "ನಮ್ಮ ಸೀಮೆಯ ಗಡಿಯಲ್ಲಿ ಒಂದು ಕಲ್ಲುಕಂಬವಿದೆ. ಹಿಂದೆ ಇಬ್ಬರು ಅರಸರು ಅಲ್ಲಿ ಯುದ್ಧ ಬಿಟ್ಟು ಸಂಧಿ ಮಾಡಿಕೊಂಡರಂತೆ. ಅಂದಿನಿಂದ ಎರಡು ನಾಡೂ ಒಂದಾಗಿ ಬಾಳುತ್ತಿವೆ. ಕಂಬದ ತುಂಬ ಅರಸರ ಹೆಸರು, ಮಂತ್ರಿಗಳ ಹೆಸರು. ಉಳಿದ ಜನ ಹುಟ್ಟುತ್ತಾರೆ, ಉಣ್ಣುತ್ತಾರೆ, ಸಾಯುತ್ತಾರೆ. ಅವರಿಂದ ನಾಡಿಗೆ ಏನಾದೀತು?"

"ಉಣ್ಣುವುದನ್ನು ಅಷ್ಟು ಹಗುರವಾಗಿ ಕಾಣಬೇಡ" ಎಂದರು ಗುರುಗಳು. "ಆ ಕಂಬದ ಕತೆ ಹೇಳುತ್ತೇನೆ. ಊಟದ ಕತೆ, ಹಸಿದು ಕೇಳುವಂಥದ್ದಲ್ಲ. ಉಂಡಿದ್ದೀಯಷ್ಟೇ?"

"ಉಂಡಿದ್ದೇನೆ, ಗುರುಗಳೇ."

"ಹಾಗಾದರೆ ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಇಬ್ಬರು ಅರಸರಿದ್ದರು. ಒಬ್ಬನಿಗೆ ವಯಸ್ಸಾಗಿತ್ತು, ಇನ್ನೊಬ್ಬ ಹರೆಯದವನು. ಎರಡು ರಾಜ್ಯಗಳ ನಡುವೆ ಒಂದು ಕೆರೆ. ಅದರ ನೀರು ಬಿಡುವ ತೂಬನ್ನು ಮೊದಲು ಯಾರು ತೆಗೆಯಬೇಕು ಎಂಬುದು ಜಗಳ. ನೀರಿಗೇನೂ ಕೊರತೆಯಿರಲಿಲ್ಲ, ಇಬ್ಬರಿಗೂ ಸಾಕಾಗಿ ಮಿಗುತ್ತಿತ್ತು. ಆದರೆ ಮೊದಲು ತೂಬು ತೆಗೆಯುವವನೇ ದೊಡ್ಡವನು ಎಂದು ಯಾರೋ ಆಡಿಬಿಟ್ಟಿದ್ದರು. ಅಲ್ಲಿಗೆ ನೀರಿನ ಮಾತು ಹೋಗಿ ಮಾನದ ಮಾತು ಬಂತು. ರಾಯಭಾರಿಗಳು ಹೋದರು, ಬಂದರು, ಪ್ರತಿ ಸಲವೂ ಒಂದಿಷ್ಟು ಕೋಪವನ್ನು ಹೊತ್ತು ತಂದರು. ಕೊನೆಗೆ ಗಡಿಯ ಹಳ್ಳಿಗಳ ಗಂಡಸರನ್ನೆಲ್ಲ ಎಬ್ಬಿಸಿ ತಂದು ಕೆರೆಯ ಕೆಳಗಿನ ಬಯಲಿನಲ್ಲಿ ಎದುರುಬದುರಾಗಿ ನಿಲ್ಲಿಸಿದರು. ನೇಗಿಲು ಹಿಡಿದ ಕೈಗಳಿಗೆ ಈಟಿ ಕೊಟ್ಟರು.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಕತ್ತಿ ಹಿಡಿಯುವ ಮುನ್ನ ಅರಸರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಉಂಡು, ಎದ್ದು, ಕೈ ತೊಳೆದ ಮೇಲೆ ಯುದ್ಧ. ಯಾರ ಹೊಲದಲ್ಲಿ ಎಲೆ ಹಾಕುತ್ತಾರೋ ಆ ಹೊಲದವನಿಗೂ ಪಂಕ್ತಿಯ ತುದಿಯಲ್ಲಿ ಒಂದು ಎಲೆ ಹಾಕಬೇಕು. ಅವನನ್ನು ಬಿಟ್ಟು ಉಂಡರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ನಂಬಿಕೆ. ಸೂರ್ಯ ಮುಳುಗಿದ ಮೇಲೆ ಯುದ್ಧ ಶುರು ಮಾಡುವಂತಿಲ್ಲ. ಇನ್ನು ಪಂಕ್ತಿಯ ನಿಯಮ ನಿನಗೆ ಗೊತ್ತೇ ಇದೆ. ಕೊನೆಯವನು ಉಂಡು ಮುಗಿಸುವ ತನಕ ಯಾರೂ ಏಳಬಾರದು, ಅರಸನಾದರೂ ಸರಿಯೇ.

ಅಂದು ಎಲೆ ಹಾಕಲಿದ್ದ ಹೊಲದವನು ಒಬ್ಬ ಮುದಿ ರೈತ. ಸಣ್ಣ ಆಳು, ಸಣ್ಣ ಹೊಟ್ಟೆ. ಮನೆಯಲ್ಲಿ ಒಂದು ಮುದ್ದೆ ಉಂಡರೆ ಎರಡನೆಯದಕ್ಕೆ ಕೈ ಅಡ್ಡ ಹಿಡಿಯುವವನು. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಕೆರೆಯ ಈಚೆಗೆ ಕೊಟ್ಟಿದ್ದ, ಇನ್ನೊಬ್ಬಳನ್ನು ಆಚೆಗೆ. ಈಗ ದೊಡ್ಡ ಅಳಿಯ ಈ ಸಾಲಿನಲ್ಲಿ ಈಟಿ ಹಿಡಿದು ನಿಂತಿದ್ದ, ಚಿಕ್ಕ ಅಳಿಯ ಆ ಸಾಲಿನಲ್ಲಿ. ಹೋದ ಹಬ್ಬದಲ್ಲಿ ಇಬ್ಬರೂ ಇದೇ ಹೊಲದ ಬದುವಿನ ಮೇಲೆ ಕೂತು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಾ ಕಡಲೆ ತಿಂದಿದ್ದರು. ಯಾವ ಅರಸ ಗೆದ್ದರೂ ತನ್ನ ಒಬ್ಬ ಮಗಳು ಬಳೆ ಒಡೆದುಕೊಂಡು ತವರಿಗೆ ಬರುತ್ತಾಳೆ ಎಂದು ರೈತನಿಗೆ ಗೊತ್ತಿತ್ತು. ಅವನಿಗೆ ತುಂಬಾ ಭಯವಾಗಿತ್ತು. ಅರಸರಿಗೆ ಬುದ್ಧಿ ಹೇಳುವಷ್ಟು ಬಾಯಿ ಅವನಿಗಿರಲಿಲ್ಲ.

ಹೊತ್ತು ನೆತ್ತಿಗೇರುವ ಹೊತ್ತಿಗೆ ಎಲೆ ಹಾಕಿದರು. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ, ಹುಳಿ, ಸಾರು, ಪಾಯಸ ಬಂತು. ಯುದ್ಧದ ಅವಸರದಲ್ಲಿದ್ದವರಿಗೆ ರುಚಿ ಎಲ್ಲಿಂದ ತಿಳಿಯಬೇಕು? ಗಬಗಬನೆ ಉಂಡರು. ಕೊನೆಗೆ ಮಜ್ಜಿಗೆ ಬಂತು. ಅದನ್ನೂ ಸುರಿದುಕೊಂಡು ಎಲ್ಲರೂ ತುದಿಯ ಎಲೆಯ ಕಡೆ ತಿರುಗಿದರು.

ರೈತ ಮಜ್ಜಿಗೆ ಅನ್ನವನ್ನು ನಿಧಾನವಾಗಿ ಕಲಸಿದ, ನಿಧಾನವಾಗಿ ಉಂಡ. ಇನ್ನೇನು ಮುಗಿಯಿತು ಎನ್ನುವಾಗ ತಲೆಯೆತ್ತಿ, "ಅಪ್ಪಾ, ವಸಿ ಅನ್ನ ಸಾರು ಹಾಕಪ್ಪಾ" ಎಂದ.

ಮಜ್ಜಿಗೆಯ ಮೇಲೆ ಸಾರು ಕೇಳಿದವನನ್ನು ಆ ನಾಡು ಅಲ್ಲಿಯವರೆಗೆ ಕಂಡಿರಲಿಲ್ಲ. ಒಬ್ಬ ಮಂತ್ರಿ ಕೆಮ್ಮಿದ. ಇನ್ನೊಬ್ಬ ಆಕಾಶ ನೋಡಿದ. ಆದರೆ ಪಂಕ್ತಿಯಲ್ಲಿ ಕೂತವನು ಅನ್ನ ಕೇಳಿದರೆ ಇಲ್ಲ ಎನ್ನುವುದುಂಟೇ? ಅಡುಗೆಯವನು ಬಡಿಸಿದ. ರೈತ ಉಂಡ. ಸಾರು ಮುಗಿಯಿತು, ಹುಳಿ ಕೇಳಿದ. ಹುಳಿ ಮುಗಿಯಿತು, ಪುನಃ ಮಜ್ಜಿಗೆ ಕೇಳಿದ. ಎಲ್ಲರೂ ಉಸಿರು ಬಿಟ್ಟರು. ಮಜ್ಜಿಗೆ ಕುಡಿದವನು ಮತ್ತೆ ಅನ್ನ ಸಾರು ಎಂದ.

ಹೊಟ್ಟೆ ಕೆರೆಯಲ್ಲ, ಶಂಭುಲಿಂಗ. ಹೆಚ್ಚಾದದ್ದು ಹರಿದು ಹೋಗಲು ಅದಕ್ಕೆ ಕೋಡಿ ಇರುವುದಿಲ್ಲ. ರೈತನ ಹಣೆಯ ಮೇಲೆ ಬೆವರು ಕೂತಿತ್ತು. ತುತ್ತು ಗಂಟಲಲ್ಲಿ ಇಳಿಯೆನೆಂದು ಹಟ ಮಾಡುತ್ತಿತ್ತು.

ಅಡುಗೆಯವನು ಬಡಿಸುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದ. "ಅಜ್ಜ, ಸಾಕು ಮಾಡು. ದೊರೆಗಳು ಕಾಯ್ತಾ ಅವ್ರೆ."

"ನಾನು ಕೈ ತೊಳುದ್ರೆ ಅವ್ರು ಕತ್ತಿ ಹಿಡೀತಾರೆ" ಎಂದ ರೈತ, ಎಲೆಯಿಂದ ಕಣ್ಣು ತೆಗೆಯದೆ. "ನನ್ನ ಇಬ್ರು ಅಳಿಯಂದ್ರೂ ಅಲ್ಲಿ ಎದುರಾಬದುರಾ ನಿಂತವ್ರೆ. ನೀನು ಬಡಿಸ್ತಾ ಇರು, ನನ್ನಪ್ಪ. ನಾನು ಹೆಂಗೋ ಉಣ್ತೀನಿ."

ಅಡುಗೆಯವನೂ ಮಗಳ ಮದುವೆ ಮಾಡಿದವನೇ. ಅವನು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ, "ಸಾರು ಆರಿಹೋಗಿದೆ, ಕಾಯಿಸಿ ತರ್ತೀನಿ" ಎಂದು ಕೂಗಿದ. ಕಾಯಿಸಿ ತಂದ ಮೇಲೆ ಅನ್ನ ಮುಗಿದಿದೆ ಎಂದ. ಹೊಸದಾಗಿ ಒಲೆ ಹೂಡಿದ. ಸೌದೆ ಹಸಿಯಾಗಿತ್ತೋ, ಇವನೇ ಹಸಿ ಸೌದೆ ಆರಿಸಿ ಹಾಕಿದನೋ, ಒಲೆ ಹತ್ತುವುದಕ್ಕೇ ಎಷ್ಟೋ ಹೊತ್ತಾಯಿತು.

ಪಂಕ್ತಿಯಲ್ಲಿ ಕೂತವರ ಕೈ ಒಣಗಿತು. ಬಯಲಿನಲ್ಲಿ ಸೈನಿಕರು ಮೊದಲು ಈಟಿ ಊರಿ ನಿಂತರು, ಆಮೇಲೆ ಈಟಿ ಒರಗಿಸಿ ಕೂತರು, ಆಮೇಲೆ ಈಟಿಯನ್ನು ಮರೆತು ಸಾರಿನ ವಾಸನೆ ಹಿಡಿಯುತ್ತಾ ಕೂತರು. ಅಳಿಯಂದಿರಿಬ್ಬರೂ, ಮಾವನ ಹೊಟ್ಟೆಬಾಕತನಕ್ಕೆ ನಾಚಿ, ತಮ್ಮ ತಮ್ಮ ಸಾಲಿನಲ್ಲಿ ತಲೆ ತಗ್ಗಿಸಿದ್ದರು.

ಅರಸರಿಗೆ ಬೇರೆ ಕೆಲಸವಿರಲಿಲ್ಲ. ಕೂತು ರೈತನನ್ನು ನೋಡುವುದೊಂದೇ ಕೆಲಸ. ಕೊನೆಗೆ ತಡೆಯಲಾರದೆ ಕಿರಿಯ ಅರಸ, "ಈ ಸಲ ಹುಳಿ ಕೇಳುತ್ತಾನೆ" ಎಂದ. "ಇಲ್ಲ, ಪಾಯಸ" ಎಂದ ಹಿರಿಯ ಅರಸ. ರೈತ ತಲೆಯೆತ್ತಿ ಕೋಸಂಬರಿ ಕೇಳಿದ. ಇಬ್ಬರೂ ಸೋತರು, ಇಬ್ಬರಿಗೂ ನಗು ಬಂತು. ಜಗಳ ಹುಟ್ಟಿದ ಮೇಲೆ ಅವರು ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು.

ನಕ್ಕ ಮೇಲೆ ಮತ್ತೆ ಮುಖ ಬಿಗಿದು ಕೂರುವುದು ಕಷ್ಟ. "ನಿಮ್ಮ ತಂದೆಯವರ ಕಾಲದಲ್ಲಿ ತೂಬನ್ನು ಯಾರು ತೆಗೆಯುತ್ತಿದ್ದರು?" ಎಂದು ಕಿರಿಯವನು ಕೇಳಿದ. "ಅಲ್ಲಿ ಹತ್ತಿರದಲ್ಲಿ ಯಾರಿದ್ದರೋ ಅವರು. ನಾವು ಕೇಳಲೂ ಹೋಗಿರಲಿಲ್ಲ" ಎಂದ ಹಿರಿಯವನು. ಮಾತು ಕೆರೆಗೆ ಹೋಯಿತು, ಮಳೆಗೆ ಹೋಯಿತು, ಮೊಣಕಾಲು ನೋವಿಗೆ ಹೋಯಿತು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಹಿರಿಯ ಅರಸನ ಮಂತ್ರಿ ಬಾಯಿ ಹಾಕಿ, "ತೂಬಿಗೆ ಹತ್ತಿರದಲ್ಲಿರುವವರು ನಾವೇ ಅಲ್ಲವೇ?" ಎಂದ.

ಕಿರಿಯ ಅರಸನ ಮುಖ ಕೆಂಪಾಯಿತು. "ಸಾಕು ಈ ಊಟ!" ಎಂದು ಒಂದು ಮೊಣಕಾಲೂರಿ ಅರ್ಧ ಎದ್ದ. ಬಯಲಿನಲ್ಲಿ ಅದನ್ನು ಕಂಡವರು ಈಟಿಗೆ ಕೈ ಹಾಕಿದರು.

"ಬುದ್ಧೀ, ಅಜ್ಜ ಇನ್ನೂ ಉಂಡಿಲ್ಲ" ಎಂದು ಅಡುಗೆಯವನು ಕೂಗಿದ.

ಎಲ್ಲರೂ ತುದಿಯ ಎಲೆಯನ್ನು ನೋಡಿದರು. ಎಲೆಯ ಮೇಲೆ ಒಂದು ತುತ್ತು ಅನ್ನ ಉಳಿದಿತ್ತು. ಅನ್ನದ ಮೇಲೆ ರೈತನ ಕೈ ಇತ್ತು. ರೈತ ಮಾತ್ರ ಗದ್ದವನ್ನು ಎದೆಗೆ ಹಚ್ಚಿ, ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ. ಇದು ಅವನ ಉಪಾಯವಲ್ಲ. ಅಷ್ಟು ಉಂಡವನಿಗೆ ನಿದ್ದೆ ಬಾರದೆ ಇನ್ನೇನು ಬಂದೀತು?

"ಎಬ್ಬಿಸಿ ಅವನನ್ನು!" ಎಂದ ಕಿರಿಯ ಅರಸ.

"ಬೇಡ" ಎಂದ ಹಿರಿಯ ಅರಸ. "ಎಲೆಯ ಮುಂದೆ ನಿದ್ದೆ ಹೋದವನನ್ನು ಎಬ್ಬಿಸಬಾರದು ಎಂದು ನಿಯಮವಿದೆ."

ಅಂಥ ನಿಯಮ ಎಲ್ಲೂ ಇರಲಿಲ್ಲ. ಹಿರಿಯ ಅರಸ ಅದನ್ನು ಆ ಗಳಿಗೆಯಲ್ಲೇ ಕಟ್ಟಿದ್ದ. ಕಿರಿಯ ಅರಸ ಅವನ ಮುಖವನ್ನು ದಿಟ್ಟಿಸಿದ. ಸುಳ್ಳೆಂದು ಅವನಿಗೂ ತಿಳಿಯಿತು. ಯುದ್ಧ ಬೇಡ ಎಂದು ಬಾಯಿಬಿಟ್ಟು ಹೇಳಲು ಇಬ್ಬರಿಗೂ ಮಾನ ಅಡ್ಡ ಬಂದಿತ್ತು, ಬೇಕಾದದ್ದು ಒಂದು ನೆಪ. ಅವನು ಮೊಣಕಾಲು ಮಡಚಿ ಮತ್ತೆ ಕೂತ. "ಹೌದು, ನಮ್ಮ ಕಡೆಯೂ ಆ ನಿಯಮವಿದೆ" ಎಂದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅರಸರ ಜಗಳವೂ ಹಾಗೆಯೇ ಮುಗಿಯಿತು. ಉಂಡು ಮಲಗಿದವನು ಬೇರೆಯವನು, ಅಷ್ಟೇ. ರೈತನ ಗೊರಕೆ ನಡೆದಿರುವಾಗಲೇ ಇಬ್ಬರೂ ಒಟ್ಟಿಗೆ ತೂಬಿಗೆ ಕೈ ಹಾಕುವುದೆಂದು ತೀರ್ಮಾನವಾಯಿತು. ಇಷ್ಟು ಸುಲಭದ ಮಾತು ರಾಯಭಾರಿಗಳಿಗೆ ಹೊಳೆದಿರಲಿಲ್ಲ. ಅವರನ್ನು ಯಾರೂ ಅಷ್ಟು ಹೊತ್ತು ಒಂದು ಕಡೆ ಕೂರಿಸಿರಲಿಲ್ಲ.

ಸೂರ್ಯ ಮುಳುಗಿದ. ಸೈನಿಕರಿಗೂ ಅನ್ನ ಬೇಯಿಸಿ ಬಡಿಸಿದರು. ಆ ಗದ್ದಲಕ್ಕೆ ರೈತನಿಗೆ ಎಚ್ಚರವಾಯಿತು. ಹೆದರಿ, ಎಲೆಯ ಮೇಲಿನ ತುತ್ತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಡುಗೆಯವನು ಬಂದು ಅವನ ಹೆಗಲ ಮೇಲೆ ಕೈ ಇಟ್ಟು, "ಆಯ್ತು ಅಜ್ಜ. ಕೈ ತೊಳಿ" ಎಂದ. ರೈತ ಗಳಗಳನೆ ಅತ್ತ. ಏಳಲು ನೋಡಿದ, ಆಗಲಿಲ್ಲ. ಒಬ್ಬ ಅಳಿಯ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಬಂದು ಅವನನ್ನು ಎತ್ತಿಕೊಂಡು ಮನೆಗೆ ಹೋದರು. ವಾರವೆಲ್ಲ ಅವನು ಗಂಜಿಯನ್ನೂ ಮುಟ್ಟಲಿಲ್ಲ.

ಮುಂದೆ ಅಲ್ಲಿ ಕಂಬ ನಿಂತಿತು. ಅರಸರ ಹೆಸರು ಕೆತ್ತಿದರು, ಬಾಯಿ ಹಾಕಿದ ಮಂತ್ರಿಯ ಹೆಸರನ್ನೂ ಕೆತ್ತಿದರು. ಮೇಲೆ ಸೂರ್ಯ ಚಂದ್ರರನ್ನು ಕೆತ್ತಿದರು. ಸೂರ್ಯನೇನೋ ಹೊತ್ತಿಗೆ ಸರಿಯಾಗಿ ಮುಳುಗಿದ್ದ, ಚಂದ್ರ ಆ ದಿನ ಏನೂ ಮಾಡಿರಲಿಲ್ಲ. ರೈತನಿಗೆ ಜಾಗ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ನಗುತ್ತಿದ್ದವನು ಒಮ್ಮೆಲೇ ಬಿಸಿಯಾದ. "ಇದು ಅನ್ಯಾಯ, ಗುರುಗಳೇ! ಊರಿಗೆ ಹೋದವನೇ ಆ ರೈತನ ಹೆಸರನ್ನು ಕಂಬದ ಮೇಲೆ ಕೆತ್ತಿಸುತ್ತೇನೆ. ಅವನ ಹೆಸರೇನು, ಹೇಳಿ" ಎಂದ.

"ಅಂದು ಸಂಜೆ ಉಂಡು ಜೀವಂತವಾಗಿ ಮನೆಗೆ ಹೋದ ಸೈನಿಕರಲ್ಲಿ ನಿನ್ನ ಮುತ್ತಾತನೂ ಒಬ್ಬ" ಎಂದರು ಗುರುಗಳು, "ಮೊದಲು ಅವನ ಹೆಸರು ಹೇಳು."

ಶಂಭುಲಿಂಗ ಬಾಯಿ ತೆರೆದ. ಹೆಸರು ಬರಲಿಲ್ಲ.